ರಾಬರ್ ನೊಣವೋ ಸ್ನೈಪ್ ನೊಣವೋ: ಒಂದು ಫೋಟೊದಿಂದ ಎಷ್ಟು ಹೇಳಬಹುದು?

ಪ್ರಶ್ನೆ: ಸರ್, ಮರದ ಕಾಂಡದ ಮೇಲೆ ತಲೆ ಕೆಳಗೆ ಮಾಡಿ ಕೂತಿದ್ದ ನೊಣ ಇದು. ಉದ್ದ ಕಾಲು, ತುದಿಗೆ ಹೋಗ್ತಾ ಸಣ್ಣಗಾಗುವ ಹೊಟ್ಟೆ, ರೆಕ್ಕೆ ಮೇಲೆ ಕಂದು ಮಚ್ಚೆ. ಉದ್ದ ಸುಮಾರು 12 ಮಿ.ಮೀ. ಆ್ಯಪ್ ಒಮ್ಮೆ ರಾಬರ್ ನೊಣ ಅನ್ನುತ್ತೆ, ಇನ್ನೊಮ್ಮೆ ಸ್ನೈಪ್ ನೊಣ ಅನ್ನುತ್ತೆ. ಮೇಲಿಂದ ತೆಗೆದ ಫೋಟೊ ಒಂದೇ ಇರೋದು. ಯಾವ ಪ್ರಭೇದ? ಕಚ್ಚುತ್ತಾ?

ಉತ್ತರ: ರಾಬರ್ ನೊಣ ಅಲ್ಲ. ರಾಬರ್ ನೊಣದ ಎರಡು ಕಣ್ಣುಗಳ ನಡುವೆ ನೆತ್ತಿ ಗುಳಿ ಬಿದ್ದಿರುತ್ತದೆ, ಮುಖದಲ್ಲಿ ಗಡ್ಡದಂತೆ ಒರಟು ಕೂದಲಿರುತ್ತದೆ. ನಿಮ್ಮ ಫೋಟೊದಲ್ಲಿ ಕಣ್ಣುಗಳು ನಡುವೆ ಜಾಗವಿಲ್ಲದೆ ಒಂದಕ್ಕೊಂದು ತಾಗಿವೆ. ಸ್ನೈಪ್ ನೊಣಗಳ ಕುಟುಂಬವಾದ ರ‍್ಯಾಜಿಯೋನಿಡೇಯಲ್ಲಿ ಗಂಡಿನ ಕಣ್ಣು ಹೆಚ್ಚಾಗಿ ಹೀಗೆಯೇ ಇರುತ್ತದೆ. ಹೆಣ್ಣಿನಲ್ಲಿ ಎರಡು ಕಣ್ಣುಗಳ ನಡುವೆ ಅಂತರವಿರುತ್ತದೆ.

ಖಚಿತಪಡಿಸಿಕೊಳ್ಳಲು ಪಾದದ ತುದಿ ನೋಡಬೇಕು. ಸ್ನೈಪ್ ನೊಣದಲ್ಲಿ ಉಗುರಿನ ಕೆಳಗೆ ಮೂರು ಮೆತ್ತೆಗಳಿರುತ್ತವೆ. ರಾಬರ್ ನೊಣ, ಸ್ಟಿಲೆಟೊ ನೊಣಗಳಲ್ಲಿ ಸಾಮಾನ್ಯವಾಗಿ ಎರಡೇ, ನಡುವಿನದು ಬರೀ ಮುಳ್ಳುಗೂದಲು. ಸೋಲ್ಜರ್ ನೊಣ ಮತ್ತು ಕುದುರೆ ನೊಣಗಳಿಗೂ ಮೂರು ಮೆತ್ತೆ ಇರುವುದರಿಂದ ಅಷ್ಟಕ್ಕೇ ನಿಲ್ಲಬೇಡಿ. ಸೋಲ್ಜರ್ ನೊಣದ ರೆಕ್ಕೆಯಲ್ಲಿ ನಾಳಗಳೆಲ್ಲ ಮುಂದಿನ ಅಂಚಿಗೆ ಒತ್ತಿಕೊಂಡು ನಡುವಿನ ಕೋಶ (ನಾಳಗಳು ಸುತ್ತುವರಿದ ಜಾಗ) ಚಿಕ್ಕದಾಗಿರುತ್ತದೆ. ಕುದುರೆ ನೊಣದ ಮೀಸೆಯ (ತಲೆಯ ಸ್ಪರ್ಶಾಂಗದ) ಮೂರನೇ ತುಂಡಿನಲ್ಲಿ ಉಂಗುರ ಉಂಗುರವಾಗಿ ಗೆರೆ ಕಾಣುತ್ತದೆ, ರೆಕ್ಕೆಯ ಬುಡದಲ್ಲಿ ದೊಡ್ಡ ಪದರವೂ ಇರುತ್ತದೆ. ಸ್ನೈಪ್ ನೊಣದಲ್ಲಿ ಆ ಪದರ ತೀರ ಚಿಕ್ಕದು.

ಪ್ರಭೇದ ಮಾತ್ರ ಈ ಫೋಟೊದಿಂದ ಹೇಳಲಾಗದು. ಮಚ್ಚೆ ರೆಕ್ಕೆ, ತಲೆ ಕೆಳಗಾದ ಭಂಗಿ ಎರಡನ್ನೂ ನೋಡಿ ಆ್ಯಪ್‌ಗಳು ಥಟ್ಟನೆ ‘ರ‍್ಯಾಜಿಯೋ ಸ್ಕೊಲೊಪೇಸಿಯಸ್’ ಅಂದುಬಿಡುತ್ತವೆ. ಅದು ಲಿನೇಯಸ್ 1758ರಲ್ಲಿ ಹೆಸರಿಟ್ಟ ಯುರೋಪಿನ ನೊಣ. ಅಲ್ಲೇ ಸಿಗುವ ರ‍್ಯಾಜಿಯೋ ಟ್ರಿಂಗೇರಿಯಸ್‌ಗೆ ರೆಕ್ಕೆ ಮಚ್ಚೆಯಿಲ್ಲದೆ ತಿಳಿಯಾಗಿರುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಎದೆಯ ಮೇಲೆ ಹೊನ್ನಿನ ಕೂದಲಿರುವ ಕ್ರೈಸೊಪಿಲಸ್ ಥೊರಾಸಿಕಸ್ ಎಂಬ ಸ್ನೈಪ್ ನೊಣ ಎದ್ದು ಕಾಣುತ್ತದೆ. ಫೋಟೊ ಎಲ್ಲಿಯದೆಂದು ಬರೆಯದಿದ್ದರೆ ಯಾರು ಹೆಸರು ಹೇಳಿದರೂ ಅದು ಊಹೆಯೇ.

ಕಚ್ಚುವ ವಿಚಾರ: ರ‍್ಯಾಜಿಯೋ, ಕ್ರೈಸೊಪಿಲಸ್ ಕುಲಗಳ ಬಗ್ಗೆ ಚಿಂತೆ ಬೇಡ. ರಕ್ತ ಹೀರುವುದಕ್ಕೆ ಹೆಸರಾದವು ಸಿಂಫೊರೊಮಯಿಯಾ ಕುಲದ ಹೆಣ್ಣುಗಳು (ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಇವುಗಳ ಕಾಟ ಜಾಸ್ತಿ) ಮತ್ತು ಆಸ್ಟ್ರೇಲಿಯಾದ ಸ್ಪಾನಿಯೊಪ್ಸಿಸ್. ಸಿಂಫೊರೊಮಯಿಯಾದ ಮೀಸೆಯ ಮೂರನೇ ತುಂಡು ಮೂತ್ರಪಿಂಡದ ಆಕಾರದಲ್ಲಿರುತ್ತದೆ. ಅದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಮರುಪ್ರಶ್ನೆ: ರ‍್ಯಾಜಿಯೋ ಮತ್ತು ಕ್ರೈಸೊಪಿಲಸ್ ಬೇರ್ಪಡಿಸೋದು ಹೇಗೆ? ಹೊನ್ನಿನ ಕೂದಲು ಇದ್ದರೆ ಕ್ರೈಸೊಪಿಲಸ್ ಅಂತ ಇಟ್ಟುಕೊಳ್ಳಬಹುದಾ?

ಉತ್ತರ: ಕೂದಲನ್ನು ನಂಬಬೇಡಿ. ಬಲೆಯಲ್ಲಿ ಎರಡು ಸಲ ಹೊರಳಿದರೆ ಉದುರಿಹೋಗಿ ಬರೀ ಕಪ್ಪು ನೊಣ ಉಳಿಯುತ್ತದೆ. ಆಲ್ಕೊಹಾಲ್‌ಗೆ ಹಾಕಿದರೆ ಅಂಟಿಕೊಂಡು ಬಣ್ಣವೇ ಕಾಣದು. ಹಿಂಗಾಲಿನ ಟಿಬಿಯಾದ (ತೊಡೆಗೂ ಪಾದಕ್ಕೂ ನಡುವಿನ ಭಾಗದ) ತುದಿ ನೋಡಿ: ರ‍್ಯಾಜಿಯೋಗೆ ಎರಡು ಮುಳ್ಳು, ಕ್ರೈಸೊಪಿಲಸ್‌ಗೆ ಒಂದು. ರೆಕ್ಕೆಯ ಹಿಂಬದಿಯ ಏನಲ್ ಕೋಶ ರ‍್ಯಾಜಿಯೋದಲ್ಲಿ ಅಂಚಿಗೆ ತೆರೆದಿರುತ್ತದೆ, ಕ್ರೈಸೊಪಿಲಸ್‌ನಲ್ಲಿ ಅಂಚು ಮುಟ್ಟುವ ಮೊದಲೇ ಮುಚ್ಚಿಕೊಳ್ಳುತ್ತದೆ. ಸಿಂಫೊರೊಮಯಿಯಾಗೂ ಮುಳ್ಳು ಒಂದೇ, ಆದರೆ ಕೋಶ ತೆರೆದಿರುತ್ತದೆ. ಆದ್ದರಿಂದ ಎರಡೂ ಗುರುತು ನೋಡಲೇಬೇಕು.

ಮಾದರಿ ಇಡುವುದಾದರೆ ಫ್ರೀಜರ್‌ನಲ್ಲಿ ಸಾಯಿಸಿ, ಮೈ ಮೆತ್ತಗಿರುವಾಗಲೇ ಪಿನ್ ಮಾಡಿ ಒಣಗಿಸಿ. ಪಿನ್ ಎದೆಯ ಬಲಭಾಗಕ್ಕೆ ಚುಚ್ಚಿ. ನಡುವೆ ಚುಚ್ಚಿದರೆ ಪ್ರಭೇದ ಗುರುತಿಸಲು ಬೇಕಾದ ಪಟ್ಟೆ ಹಾಳಾಗುತ್ತದೆ. ಡಿಎನ್‌ಎಗೆಂದರೆ ಒಂದು ಕಾಲು ಕಿತ್ತು 95% ಎಥನಾಲ್‌ನಲ್ಲಿ ಬೇರೆ ಇಡಿ. ಜಾಗ, ತಾರೀಕಿನ ಚೀಟಿ ಇಲ್ಲದ ಮಾದರಿಯಿಂದ ಯಾರಿಗೂ ಉಪಯೋಗವಿಲ್ಲ.

ಇನ್ನೊಬ್ಬರ ಪ್ರಶ್ನೆ: ಒದ್ದೆ ಎಲೆಗೊಬ್ಬರದಲ್ಲಿ ಬಿಳಿ ಹುಳ ಸಿಕ್ಕಿದೆ, ಎರೆಹುಳು ತಿನ್ನುತ್ತಿತ್ತು. ಸ್ನೈಪ್ ನೊಣದ ಮರಿಯೇ? ಸಾಕಬಹುದೇ?

ಉತ್ತರ: ಇರಬಹುದು. ಉರುಟಾದ ಬಿಳಿ ಮೈ, ಒಳಗೆ ಎಳೆದುಕೊಳ್ಳಬಲ್ಲ ಸಣ್ಣ ಕಪ್ಪು ತಲೆ, ಹಿಂತುದಿಯಲ್ಲಿ ಉಸಿರುರಂಧ್ರಗಳ ಸುತ್ತ ಗಿಡ್ಡ ಹಾಲೆಗಳು ಇವೆಯೇ ನೋಡಿ. ರ‍್ಯಾಜಿಯೋ ಮರಿಗಳು ಎರೆಹುಳು, ಜೀರುಂಡೆ ಮರಿಗಳನ್ನು ಬೇಟೆಯಾಡುತ್ತವೆ. ಕುಟುಂಬದಲ್ಲಿ ಎಲ್ಲವೂ ಹೀಗಲ್ಲ; ಸ್ಪಾನಿಯಾ ಕುಲದ ಮರಿಗಳು ಲಿವರ್‌ವರ್ಟ್ (ಹಾವಸೆಯಂಥ ಪುಟ್ಟ ಸಸ್ಯ) ಕೊರೆದು ತಿನ್ನುತ್ತವೆ.

ಡಬ್ಬಿಗೊಂದೇ ಮರಿ ಬಿಡಿ, ಇಲ್ಲದಿದ್ದರೆ ಒಂದನ್ನೊಂದು ತಿನ್ನಬಹುದು. ಸಿಕ್ಕ ಜಾಗದ ಮಣ್ಣನ್ನೇ ನಾಲ್ಕೈದು ಸೆಂ.ಮೀ. ಹಾಕಿ. ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಎರೆಹುಳುವಿನ ಸಣ್ಣ ತುಂಡು ಹಾಕಿ, ಉಳಿದದ್ದನ್ನು ಮಾರನೇ ದಿನವೇ ತೆಗೆಯಿರಿ. ಸಾಕಿದ ಮರಿ ಸಾಯುವುದು ಹಸಿವಿಗಿಂತ ಬೂಷ್ಟು, ನುಸಿಗಳಿಂದಲೇ ಹೆಚ್ಚು. ಕೋಶಾವಸ್ಥೆ (ಮರಿ ನೊಣವಾಗಿ ಬದಲಾಗುವ ಹಂತ) ಮನೆನೊಣದ ಹಾಗೆ ಪೀಪಾಯಿಯಾಕಾರದ ಗೂಡಿನಲ್ಲಿ ಆಗುವುದಿಲ್ಲ, ಕಾಲು-ರೆಕ್ಕೆಗಳ ಗುರುತು ಹೊರಗೇ ಕಾಣುತ್ತದೆ. ನೊಣ ಹೊರಬಂದ ಮೇಲೆ ಆ ಖಾಲಿ ಪೊರೆ ಎಸೆಯಬೇಡಿ, ಅದನ್ನೂ ಅದೇ ಪಿನ್‌ಗೆ ಸೇರಿಸಿಡಿ.

ಹುಳ ಹೊಳೆಯ ನೀರಿನಲ್ಲಿ ಸಿಕ್ಕಿದ್ದು, ಹೊಟ್ಟೆಯಡಿ ಜೋಡಿ ಜೋಡಿ ಮೆತ್ತಗಾಲು, ಹಿಂದೆ ಕೂದಲಂಚಿನ ಎರಡು ಬಾಲ ಇದ್ದರೆ ಅದು ಅಥೆರಿಸಿಡೇ ಎಂಬ ಇನ್ನೊಂದು ನೊಣ ಕುಟುಂಬದ್ದು. ನೊಣಗಳ ತಜ್ಞ ಸ್ಟಕೆನ್‌ಬರ್ಗ್ 1973ರಲ್ಲಿ ಅದನ್ನು ಸ್ನೈಪ್ ನೊಣಗಳಿಂದ ಬೇರೆ ಕುಟುಂಬವಾಗಿ ಬಿಡಿಸಿದರು. ಯುರೋಪಿನ ಅಥೆರಿಕ್ಸ್ ಐಬಿಸ್ ಹೆಣ್ಣುಗಳು ಸೇತುವೆಯಡಿ, ನೀರಿನ ಮೇಲೆ ಚಾಚಿದ ಕೊಂಬೆಗಳಲ್ಲಿ ಒಟ್ಟಾಗಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. ಮರಿಗಳು ಆ ಗೊಂಚಲಿನಿಂದ ನೇರ ನೀರಿಗೆ ಬೀಳುತ್ತವೆ. ಹಳೆಯ ಪುಸ್ತಕಗಳಲ್ಲಿ ಇವೂ ಸ್ನೈಪ್ ನೊಣಗಳ ಪಟ್ಟಿಯಲ್ಲೇ ಇರುವುದರಿಂದ ಹೆಸರು ಹೋಲಿಸುವಾಗ ಪುಸ್ತಕದ ಇಸವಿ ನೋಡಿಕೊಳ್ಳಿ.