ನೆಫ್ರೋಟೋಮಾನೋ ಸೊಳ್ಳೆನೋ? ಆ್ಯಪ್ ಮೂರು ಸಲ ಮೂರು ಹೆಸರು ಹೇಳ್ತು

ಕಾನುಮನೆ (ಶಿರಸಿ):
ಸಾಕಾಗಿಹೋಯ್ತು. ಮೂರು ದಿನದಿಂದ ಒಂದು ಹುಳದ ಹಿಂದೆ ಬಿದ್ದಿದೀನಿ. ಒಂದೇ ಫೋಟೋ ಆ್ಯಪ್‌ಗೆ ಹಾಕಿದ್ರೆ ಮೊದಲು ‘ಟಿಪ್ಯುಲಾ’ ಅಂತು, ಸ್ವಲ್ಪ ಕ್ರಾಪ್ ಮಾಡಿದ್ರೆ ‘ನೆಫ್ರೋಟೋಮಾ’ (ಎರಡೂ ಕ್ರೇನ್ ಫ್ಲೈ ಅನ್ನೋ ಉದ್ದ ಕಾಲಿನ ನೊಣಗಳ ಕುಲಗಳು), ಇನ್ನೂ ಕ್ರಾಪ್ ಮಾಡಿದ್ರೆ ‘ಸೊಳ್ಳೆ’. ತೋಟದ ಹಳ್ಳದ ಹತ್ರ ಸಿಕ್ಕಿದ್ದು. ಹಳದಿ ಮೈ, ಬೆನ್ನ ಮೇಲೆ ಕಪ್ಪು ಗೆರೆ, ಉದ್ದುದ್ದ ಕಾಲು. ಮೇಲಿಂದ ತೆಗೆದ ಫೋಟೋ ಹಾಕಿದೀನಿ. ಪ್ರಭೇದದ ಹೆಸರೇ ಬೇಕು. ಬರೀ ‘ಕ್ರೇನ್ ಫ್ಲೈ’ ಅನ್ನೋದಾದ್ರೆ ದಯವಿಟ್ಟು ಬರೀಬೇಡಿ, ಅಷ್ಟು ನನಗೂ ಗೊತ್ತು.

ಎರಡುರೆಕ್ಕೆ:
ನೆಫ್ರೋಟೋಮಾ. ಹಳದಿ ಮೈ, ಕಪ್ಪು ಪಟ್ಟೆ, ಇನ್ನೇನು ಬೇಕು? ಬೆನ್ನಲ್ಲಿ ವಿ ಆಕಾರದ ಗೀರು ಕಾಣ್ತಿದೆ, ಸೊಳ್ಳೆ ಆಗೋ ಮಾತೇ ಇಲ್ಲ. ಸೊಳ್ಳೆಗಾದ್ರೆ ರೆಕ್ಕೆಯ ನರಗಳ ಮೇಲೆ ಹುರುಪೆ ಇರುತ್ತೆ.

ಹಳ್ಳದಂಡೆ:
ಅಳತೆ ಎಷ್ಟು? ಪಕ್ಕದಿಂದ ತೆಗೆದ ಫೋಟೋ ಇದ್ಯಾ? ಮೀಸೆ ಎಷ್ಟು ಗಂಟಿನದು?

ಎರಡುರೆಕ್ಕೆ:
ಮೀಸೆ ಎಣಿಸೋ ಅಗತ್ಯ ಇಲ್ಲ ಸರ್. ನೆಫ್ರೋಟೋಮಾದ ಮೈ ಹೊಳೆಯುತ್ತೆ, ಇದೂ ಹೊಳೀತಿದೆ.

ಮ್ಯಾಕ್ರೋ_ಮಾವ:
ಅದು ಫ್ಲ್ಯಾಶ್ ಹೊಳಪು ಮಾರಾಯ್ರೆ! ಡಿಫ್ಯೂಸರ್ (ಬೆಳಕು ಹರಡೋ ಪರದೆ) ಇಲ್ದೆ ಹೊಡೆದ್ರೆ ಹಾಗೇ. ನಾನು 50 ಎಂಎಂ ಲೆನ್ಸ್ ಉಲ್ಟಾ ಹಾಕಿ, ಹಾಲಿನ ಕ್ಯಾನಿನ ಬಿಳಿ ಪ್ಲಾಸ್ಟಿಕ್ ಕತ್ತರಿಸಿ ಡಿಫ್ಯೂಸರ್ ಮಾಡ್ಕೊಂಡಿದೀನಿ. ಖರ್ಚು ಸೊನ್ನೆ.

ಎರಡುರೆಕ್ಕೆ:
ಹೊಳಪು ಬಿಡಿ, ಪಟ್ಟೆ ನೋಡಿ. ಕ್ರೇನ್ ಫ್ಲೈಗಳ ಟಿಪ್ಯುಲಿಡೇ ಫ್ಯಾಮಿಲಿ ಅನ್ನೋದ್ರಲ್ಲಿ ಅನುಮಾನವೇ ಬೇಡ.

ಹಳ್ಳದಂಡೆ:
ಯಾವ ಅರ್ಥದ ಟಿಪ್ಯುಲಿಡೇ? ಈಗಿನ ಕ್ಯಾಟಲಾಗ್ ಕ್ರೇನ್ ಫ್ಲೈಗಳನ್ನ ನಾಲ್ಕು ಫ್ಯಾಮಿಲಿ ಮಾಡುತ್ತೆ. ಟಿಪ್ಯುಲಿಡೇ ಬೇರೆ, ಲಿಮೋನಿಡೇ ಬೇರೆ.

ಎರಡುರೆಕ್ಕೆ:
ಕ್ರೇನ್ ಫ್ಲೈ ತಜ್ಞ ಅಲೆಕ್ಸಾಂಡರ್ ಒಬ್ಬರೇ 10,000ಕ್ಕೂ ಹೆಚ್ಚು ಪ್ರಭೇದ ವರ್ಣಿಸಿದ್ರು, ಎಲ್ಲವನ್ನೂ ಒಂದೇ ಫ್ಯಾಮಿಲಿಯಲ್ಲಿ ಇಟ್ಟಿದ್ರು. ಅವರಿಗಿಂತ ನಾವು ದೊಡ್ಡವರಾ?

ಹಳ್ಳದಂಡೆ:
ದೊಡ್ಡವರಲ್ಲ, ಆಮೇಲೆ ಬಂದವರು. ನೀವು ಇನ್ನೂ ಭಾರತದ ನೊಣಗಳ ಬಗ್ಗೆ ಬ್ರುನೆಟ್ಟಿ ಬರೆದ 1912ರ ಪುಸ್ತಕದ ಕೀ (ಗುರುತಿಸೋ ಪಟ್ಟಿ) ಹಿಡ್ಕೊಂಡು ಕೂತ ಹಾಗಿದೆ.

ಕಾನುಮನೆ:
ನನ್ನ ಹುಳ ಎಲ್ಲಿಗೆ ಬಂತು?? ಅಳತೆ ಕೇಳಿದ್ರಲ್ಲ, ಕಾಲು ಬಿಟ್ಟು ಒಂದು ಅಕ್ಕಿಕಾಳಿನಷ್ಟು, ಆರೇಳು ಮಿಲಿಮೀಟರ್. ಹಿಡಿಯೋವಾಗ ಮೂರು ಕಾಲು ಕಳಚಿ ಕೈಯಲ್ಲೇ ಉಳೀತು. ಕಮ್ಯುನಿಸ್ಟ್ ಗಿಡ ಅನ್ನೋ ಕಳೆಯ ಹೂವಿಗೆ ಮೂತಿ ಚುಚ್ಚಿಕೊಂಡು ಕೂತಿತ್ತು.

ಹಳ್ಳದಂಡೆ:
ಒಂದ್ನಿಮಿಷ. ಮೂತಿ ಚುಚ್ಚಿಕೊಂಡು? ಎಷ್ಟುದ್ದ ಮೂತಿ?

ಕಾನುಮನೆ:
ಹೆಚ್ಚುಕಮ್ಮಿ ಮೈಯ ಅರ್ಧ. ಅದನ್ನೂ ಹೇಳ್ಬೇಕಾ ಸರ್? ಸೊಳ್ಳೆ ತರ ಇದೆ ಅಂದ್ಮೇಲೆ ಮೂತಿ ಇದ್ದೇ ಇರುತ್ತಲ್ಲ!

ಹಳ್ಳದಂಡೆ:
ಅದನ್ನೇ ಮೊದಲು ಹೇಳ್ಬೇಕಿತ್ತು ಮಾರಾಯ್ರೆ, ಎರಡು ದಿನ ಉಳೀತಿತ್ತು. ಮೇಲಿಂದ ತೆಗೆದ ಫೋಟೋದಲ್ಲಿ ಮೂತಿ ಎದೆಯ ಕೆಳಗೆ ಮುಚ್ಚಿಹೋಗಿದೆ. ಆರೇಳು ಮಿಲಿಮೀಟರ್, ಉದ್ದ ಮೂತಿ ಅಂದ್ರೆ ನೆಫ್ರೋಟೋಮಾ ಮರೆತುಬಿಡಿ, ಲಿಮೋನಿಡೇ ಕಡೆ ಬನ್ನಿ. ಈಗ ನೋಡಬೇಕಾದ್ದು ಪಾಲ್ಪ್. ಮೂತಿಯ ಪಕ್ಕ ಇರೋ ಆ ಪುಟ್ಟ ಎಳೆಗಳು ಮೂತಿಯ ತುದಿಯಲ್ಲಿದ್ರೆ ಎಲಿಫಾಂಟೋಮಿಯಾ ಅಥವಾ ಹೀಲಿಯಸ್ ಕುಲ. ತುದಿಯಿಂದ ತುಂಬ ಹಿಂದೆ, ತಲೆ ಕಡೆಗೆ ಇದ್ದು ಅದರಾಚೆಗೂ ಮೂತಿ ಚಾಚಿದ್ರೆ ಜೆರನೋಮಿಯಾ. ಅದು ಮಕರಂದ ಕುಡಿಯೋದು, ರಕ್ತ ಅಲ್ಲ.

ಎರಡುರೆಕ್ಕೆ:
ನೆಫ್ರೋಟೋಮಾಕ್ಕೂ ತಲೆ ಮುಂದೆ ಚಾಚಿರುತ್ತೆ.

ಹಳ್ಳದಂಡೆ:
ಮೈಯ ಅರ್ಧದಷ್ಟು ಚಾಚಿರುತ್ತಾ? ರೆಕ್ಕೆಯ ಫೋಟೋ ಇದ್ರೆ ಹಾಕಿ. ಸಬ್‌ಕೋಸ್ಟಾ (ಮುಂದಂಚಿನ ಪಕ್ಕದಲ್ಲೇ ಹೋಗೋ ನರ) ಆ ಅಂಚಿಗೆ ಸೇರುತ್ತಾ ನೋಡೋಣ. ಟಿಪ್ಯುಲಿಡೇಯಲ್ಲಿ ಸಾಮಾನ್ಯವಾಗಿ ಅದು ಪಕ್ಕದ ರೇಡಿಯಸ್ ನರಕ್ಕೆ ತಾಗಿ ಮುಗಿಯುತ್ತೆ.

ಕಾನುಮನೆ:
ಬೆಂಕಿಪೊಟ್ಟಣದಲ್ಲಿ ಹಾಕಿ ಕಿಟಕಿ ಮೇಲೆ ಇಟ್ಟಿದ್ದೆ. ಈಗ ತೆರೆದು ನೋಡಿದ್ರೆ ಇರುವೆ ಹೊಟ್ಟೆಭಾಗ ಪೂರ್ತಿ ಸಾಗಿಸಿದೆ. ತಲೆ, ಒಂದು ರೆಕ್ಕೆ ಉಳಿದಿದೆ. ಅಪ್ಪನ ಕನ್ನಡಕ ಉಲ್ಟಾ ಹಿಡಿದು ಮೊಬೈಲಲ್ಲಿ ತೆಗೆದೆ, ನೋಡಿ.

ಹಳ್ಳದಂಡೆ:
ಚೆನ್ನಾಗೇ ಬಂದಿದೆ. ನರ ಅಂಚಿಗೆ ಸೇರಿದೆ, ಪಾಲ್ಪ್ ತಲೆ ಕಡೆಗಿದೆ. ಜೆರನೋಮಿಯಾ. ಪ್ರಭೇದ ಮಾತ್ರ ಕೇಳ್ಬೇಡಿ. ಅದಕ್ಕೆ ಗಂಡಿನ ಬಾಲದ ತುದಿಯ ಅಂಗ ಬೇಕು, ಅದೀಗ ಇರುವೆ ಗೂಡಲ್ಲಿದೆ. ಮುಂದಿನ ಸಲ ಸಿಕ್ಕಿದ ಕೂಡಲೇ ಮುಚ್ಚಳ ಇರೋ ಚಿಕ್ಕ ಬಾಟ್ಲಿಯಲ್ಲಿ 70 ಪರ್ಸೆಂಟ್ ಆಲ್ಕೋಹಾಲ್ ಹಾಕಿ ಅದರೊಳಗೆ ಬಿಡಿ. ಕಾಲು ಕಳಚಿದ್ರೂ ಅಲ್ಲೇ ಇರುತ್ತೆ.

ಎರಡುರೆಕ್ಕೆ:
ಒಂದು ರೆಕ್ಕೆ ನೋಡಿ ಜೀನಸ್ (ಕುಲ) ಹೇಳೋದು ಆತುರ ಅಂತ ನನ್ನ ಅಭಿಪ್ರಾಯ.

ಕಾನುಮನೆ:
ನೀವು ಪಟ್ಟೆ ನೋಡಿ ಹೇಳಿದ್ರಲ್ಲ ಸರ್. ಇರಲಿ, ಗಂಡು ಯಾವುದು ಅಂತ ದೂರದಿಂದ ಗೊತ್ತಾಗುತ್ತಾ? ನಾಳೆ ಬೆಳಿಗ್ಗೆ ಮತ್ತೆ ಹಳ್ಳಕ್ಕೆ ಹೋಗ್ತೀನಿ.

ಮ್ಯಾಕ್ರೋ_ಮಾವ:
ಕನ್ನಡಕದ ಪ್ಲಾನ್ ಭಾರೀ ಆಯ್ತು! ಪವರ್ ಎಷ್ಟು? ನನ್ನ ಉಲ್ಟಾ ಲೆನ್ಸಿನ ಸೆಟಪ್ ಫೋಟೋ ಹಾಕಿದೀನಿ, ಹಾಲಿನ ಕ್ಯಾನಿನ ಜಾಗಕ್ಕೆ ಈಗ ಐಸ್‌ಕ್ರೀಮ್ ಡಬ್ಬ ಬಂದಿದೆ.

ಹೊಸಬ_22:
ಇಂಥದ್ದೇ ನಮ್ಮನೆ ಬಚ್ಚಲ ಗೋಡೆ ಮೇಲೂ ಕೂರುತ್ತೆ, ಸಣ್ಣದು, ಮೈತುಂಬ ಕೂದಲು. ಇದೂ ಅದೇನಾ?

ಹಳ್ಳದಂಡೆ:
ಅಲ್ಲ. ಅದು ಮಾತ್ ಫ್ಲೈ ಇರಬೇಕು. ಬೇರೆ ಥ್ರೆಡ್ ಹಾಕಿ, ಪಕ್ಕದಿಂದ ತೆಗೆದ ಫೋಟೋ ಸಮೇತ. @ಕಾನುಮನೆ: ಹೊಟ್ಟೆ ತುದಿ ಸೂಜಿ ತರ ಚೂಪಾಗಿದ್ರೆ ಹೆಣ್ಣು, ಮೊಂಡಾಗಿ ದಪ್ಪಗಿದ್ರೆ ಗಂಡು.