ಸಹಾಯ ಬೇಕು: ಕೋರಿಡೋರಸ್ ಮರಿಗಳನ್ನು ದೊಡ್ಡ ಮೀನುಗಳ ತೊಟ್ಟಿಯಲ್ಲೇ ಬೆಳೆಸಬಹುದೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮೂರಡಿ ಅಕ್ವೇರಿಯಂನ ಗಾಜಿನ ಮೇಲೆ ಕೋರಿಡೋರಸ್ ಎಂಬ, ತಳದಲ್ಲಿ ಓಡಾಡುವ ಪುಟ್ಟ ಬೆಕ್ಕುಮೀನುಗಳು ಇಟ್ಟ ಮೊಟ್ಟೆಗಳು ಒಡೆದಿದ್ದು, ಮರಿಗಳನ್ನು ಅದೇ ತೊಟ್ಟಿಯೊಳಗೆ ತೂಗುಹಾಕಿದ ಜಾಲರಿ ಪೆಟ್ಟಿಗೆಯಲ್ಲಿಟ್ಟು, ಹೊಟ್ಟೆಯಡಿಯ ಹಳದಿ ಚೀಲ ಕರಗಿದ ಮೇಲೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಸಣ್ಣ ಸೀಗಡಿಮರಿಗಳನ್ನು ಹಾಕುತ್ತಿದ್ದೇನೆ. ತಿನ್ನದೆ ಉಳಿದದ್ದು ತಳದಲ್ಲಿ ಬಿಳಿಯ ಪೊರೆಯಾಗಿ ಕೂರುತ್ತದೆ. ಅದನ್ನು ಸಣ್ಣ ನಳಿಕೆಯಿಂದ ಎಳೆದು ತೆಗೆಯುತ್ತಿದ್ದರೂ ಕೆಲವು ಮರಿಗಳ ಮೀಸೆ ಮೊಟಕಾಗುತ್ತಿದೆ. ಹೆತ್ತ ಮೀನುಗಳಿಗಿಂತ ನನಗೆ ಹೆಚ್ಚು ಭಯವಿರುವುದು ಜೊತೆಗಿರುವ ಏಂಜಲ್ ಮೀನುಗಳದ್ದು, ಏಕೆಂದರೆ ಬಾಯಿಗೆ ಹಿಡಿಸುವ ಯಾವ ಮರಿಯನ್ನೂ ಅವು ಬಿಡುವುದಿಲ್ಲ. ಮರಿಗಳು ಎಷ್ಟು ಉದ್ದ ಬೆಳೆದ ಮೇಲೆ ಹೊರಬಿಡಬಹುದು, ಜಾವಾ ಪಾಚಿಯನ್ನು ದಟ್ಟವಾಗಿ ಹಾಕಿದರೆ ಸಾಕೇ, ಅಥವಾ ಸ್ಪಾಂಜ್ ಫಿಲ್ಟರ್ ಇರುವ ಬೇರೆ ತೊಟ್ಟಿಯೇ ಬೇಕೇ ಎಂಬುದನ್ನು ಸ್ವತಃ ಬೆಳೆಸಿದವರು ದಯವಿಟ್ಟು ತಿಳಿಸಬೇಕು. ಮೀಸೆ ಮೊಟಕಾಗುವುದಕ್ಕೆ ನೀರಿಗೆ ಉಪ್ಪು ಹಾಕುವ ಸಲಹೆಯೂ ಬಂದಿದೆ, ಆದರೆ ಈ ಜಾತಿಗೆ ಉಪ್ಪು ಅಷ್ಟಾಗಿ ಒಗ್ಗದ ಕಾರಣ ಅದನ್ನು ಬಿಟ್ಟು ಬೇರೆ ಉಪಾಯ ಸೂಚಿಸಿದರೆ ಉಪಕಾರವಾಗುತ್ತದೆ.