‘ಏರೆಂಕೈಮಾ’ವನ್ನು ‘ಗಾಳಿಬೆಂಡು’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ. ಸಾಗರ, ಸೊರಬದ ಕಡೆ ವರದೆಯ ನೆರೆಗೆ ಸಿಕ್ಕುವ ಬೈಲುಗದ್ದೆಗಳ ರೈತರಿಗಾಗಿ ಭತ್ತದ ಬಗ್ಗೆ ಒಂದು ಕಿರುಹೊತ್ತಿಗೆ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಏರೆಂಕೈಮಾ’ (ಬೇರು, ಕಾಂಡಗಳೊಳಗಿನ ಗಾಳಿ ತುಂಬಿದ ಎಡೆಗಳಿರುವ ಅಂಗಾಂಶ) ಎಂಬ ಸಸ್ಯಶಾಸ್ತ್ರದ ಪದಕ್ಕೆ ಸಾಟಿಯಾದ ಕನ್ನಡ ಪದ ಬೇಕಾಗಿದೆ. ‘ವಾಯು ಅಂಗಾಂಶ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಓದಿದವರ ಕಣ್ಣಮುಂದೆ ಏನೂ ಮೂಡುವುದಿಲ್ಲ. ‘ಗಾಳಿಕೊಳವೆ’ ಎಂದರೆ ಚಿತ್ರವೇನೋ ಮೂಡುತ್ತದೆ, ಆದರೆ ಸರಿಯಾದ ಚಿತ್ರವಲ್ಲ.

ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಕೆಸರಿಗೆ ಇಳಿದ ಅಷ್ಟಿಷ್ಟನ್ನೂ ಅಲ್ಲಿನ ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಹೀಗಾಗಿ ಭತ್ತದ ಬೇರಿಗೆ ಬೇಕಾದ ಆಮ್ಲಜನಕ ಎಲೆಯಿಂದ ಕಾಂಡದೊಳಗಿನ ಗಾಳಿಯ ಎಡೆಗಳ ಮೂಲಕವೇ ಇಳಿಯಬೇಕು. ಬೇರಿನಲ್ಲಿ ಈ ಎಡೆಗಳು ಹುಟ್ಟುವ ಬಗೆ ವಿಚಿತ್ರವಾದದ್ದು: ತೊಗಟೆ ಭಾಗದ ಕೆಲವು ಜೀವಕೋಶಗಳು ತಾವಾಗಿಯೇ ಸತ್ತು ಕರಗಿ, ಅವುಗಳ ಜಾಗ ಬರಿದಾಗುತ್ತದೆ. ನೀರು ನಿಲ್ಲದ ಮಣ್ಣಿನಲ್ಲೂ ಭತ್ತ ಇದನ್ನು ಸ್ವಲ್ಪಮಟ್ಟಿಗೆ ಮಾಡಿಕೊಳ್ಳುತ್ತದೆ. ನೀರು ನಿಂತಾಗ ಹೊರಹೋಗಲಾರದೆ ಬೇರಿನಲ್ಲೇ ಉಳಿಯುವ ಎಥಿಲೀನ್ ಅನಿಲ ಅದನ್ನು ಹೆಚ್ಚಿಸುತ್ತದೆ. ಬೇರನ್ನು ಅಡ್ಡಲಾಗಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವಿನ ದಿಂಡಿನಿಂದ ಹೊರಸಿಪ್ಪೆಯವರೆಗೆ ಗಾಡಿಚಕ್ರದ ಅರಗಳಂತೆ ತೆಳು ಗೋಡೆಗಳು ಉಳಿದಿರುತ್ತವೆ, ಅವುಗಳ ನಡುವೆ ಬರೀ ಗಾಳಿ. ಕೊಳವೆ ಎಂಬುದು ಸಾಗಿಸಲೆಂದೇ ಮಾಡಿದ್ದು. ಇದು ತೆರವಾಗಿ ಉಂಟಾದದ್ದು.

ಆದ್ದರಿಂದ ‘ಗಾಳಿಬೆಂಡು’ ನನಗೆ ಹಿಡಿಸಿದೆ. ಬಾಸಿಂಗದ ಬೆಂಡು ಎಲ್ಲರಿಗೂ ಗೊತ್ತು, ಅದರ ಹಗುರವೂ ಗೊತ್ತು. ತೊಡಕೆಂದರೆ, ‘ಬಳಲಿ ಬೆಂಡಾದ’ ಎನ್ನುವಾಗ ಬೆಂಡು ನಿಸ್ಸತ್ವಕ್ಕೆ ಹೆಸರು. ಇಲ್ಲಿ ಅದೇ ಬೇರಿನ ಶಕ್ತಿ. ‘ಗಾಳಿ’ ಸೇರಿದರೆ ಆ ಛಾಯೆ ಅಳಿಯುತ್ತದೆಯೇ?

ಇನ್ನೊಂದು ಪದ ‘ತುಕ್ಕು’. ಬೇರಿನ ಬುಡದ ಕಡೆ ಹೊರಪದರ ಬಿಗಿಯಾಗಿ ಆಮ್ಲಜನಕವನ್ನು ಸೋರಗೊಡದೆ ತುದಿಗೆ ಕಳಿಸುತ್ತದೆ; ಆದರೂ ಸೋರಿದಲ್ಲಿ ಕೆಸರಿನ ಕಬ್ಬಿಣ ತುಕ್ಕಾಗಿ ಬೇರಿಗೆ ಕೆಂಗಂದು ಲೇಪ ಕಟ್ಟುತ್ತದೆ. ಗದ್ದೆಯಿಂದ ಬುಡ ಕಿತ್ತವರೆಲ್ಲ ಅದನ್ನು ಕಂಡಿರುತ್ತಾರೆ. ‘ತುಕ್ಕು’ ಎಂದು ಬರೆದರೆ ಕಾಫಿಯ ತುಕ್ಕುರೋಗ ಬಲ್ಲ ಮಲೆನಾಡಿಗರು ಔಷಧಿ ಹೊಡೆಯಲು ಹೊರಟಾರು ಎಂಬ ಭಯದಿಂದ ‘ಕಬ್ಬಿಣದ ಲೇಪ’ ಎಂದಿದ್ದೇನೆ.

ಕೊನೆಯದಾಗಿ, ಬುಡದಲ್ಲಿ ನೀರು ನಿಲ್ಲುವುದು ಬೇರೆ, ಎಲೆಯ ಸಮೇತ ಇಡೀ ಸಸಿ ನೀರಿನಡಿ ಹೋಗುವುದು ಬೇರೆ. ಎರಡನೆಯದರಲ್ಲಿ ಗಾಳಿಯ ದಾರಿ ಮೇಲಿನಿಂದಲೇ ಮುಚ್ಚುತ್ತದೆ. ಸ್ವರ್ಣ-ಸಬ್1ರಂತಹ ತಳಿ ಬೆಳವಣಿಗೆಯನ್ನು ತಡೆಹಿಡಿದು ಸುಮಾರು ಎರಡು ವಾರ ತಾಳಿಕೊಳ್ಳುತ್ತದೆ. ಇದಕ್ಕೆ ಸಹಜವಾಗಿ ಬರುವ ಪದ ‘ಮುಳುಗಡೆ’. ಆದರೆ ಸಾಗರ, ಹೊಸನಗರದಲ್ಲಿ ಮುಳುಗಡೆ ಎಂದರೆ ಲಿಂಗನಮಕ್ಕಿ ಅಣೆಕಟ್ಟಿನದು, ಬೇರೆ ಅರ್ಥವೇ ಇಲ್ಲ. ‘ಪೂರ್ಣ ಮುಳುಕು’ ಎಂದರೆ ಆದೀತೇ, ಅಥವಾ ಗದ್ದೆಯವರ ಬಾಯಲ್ಲಿ ಇದಕ್ಕೆ ಬೇರೊಂದು ಮಾತು ಈಗಾಗಲೇ ಇದೆಯೇ? ತಿಳಿದವರು ಊರಿನ ಹೆಸರಿನೊಡನೆ ತಿಳಿಸಿದರೆ ಉಪಕಾರವಾದೀತು.